ಮೂರು ಗುಂಡಿನ ಒಲೆ

ಮನುಷ್ಯನ ಅಂಗಾಂಗಗಳಲ್ಲೆಲ್ಲ ವೈದ್ಯನ ಕೈಗೆ ಸಿಕ್ಕದೆ ಬಹುಕಾಲ ತಪ್ಪಿಸಿಕೊಂಡು ಕುಳಿತಿದ್ದುದು ಮಿದುಳು. ನಮ್ಮ ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುತ್ತಿದ್ದರು. ನಾಲಗೆ ಚಾಚು ಎನ್ನುತ್ತಿದ್ದರು. ಹೊಟ್ಟೆಯನ್ನು ಒತ್ತಿ ಎಲ್ಲಿ ನೋವೆಂದು ಕೇಳುತ್ತಿದ್ದರು. ಆಮೇಲೆ ಬಂದ ಡಾಕ್ಟರರು ಎದೆಗೆ ಕೊಳವೆಯಿಟ್ಟು ಆಲಿಸಿದರು, ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿದರು. ಆದರೆ ತಲೆಯ ಮೇಲೆ ಮೊಟಕಿ ಒಳಗಿನ ಸಮಾಚಾರವನ್ನು ತಿಳಿಯುವ ವಿದ್ಯೆ ಶಾಲೆಯ ಮೇಷ್ಟರುಗಳಿಗೆ ಮಾತ್ರ ಉಂಟೆಂದು ಜನ ನಂಬಿದ್ದರು. ಮೂವತ್ತೆರಡು ವರ್ಷ ಆ ವೃತ್ತಿಯಲ್ಲಿದ್ದವನಾದ್ದರಿಂದ, ಅದು ಅಷ್ಟೇನೂ ನಂಬತಕ್ಕ ವಿದ್ಯೆಯಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಒಂದೂಕಾಲು ಕಿಲೋಗ್ರಾಮಿಗಿಂತ ಕೊಂಚ ಹೆಚ್ಚು ತೂಗುವ ಆ ಅಂಗವನ್ನು ಪ್ರಕೃತಿ ಎಲುಬಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ.

ಈ ಪೆಟ್ಟಿಗೆಯನ್ನು ಒಡೆಯದೆಯೆ ಒಳಗನ್ನು ನೋಡುವುದು ಇಂದು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ನ್ಯೂರೋರೇಡಿಯಾಲಜಿ ಎಂದು ಅದರ ಹೆಸರು. ಮಿದುಳು, ಬೆನ್ನುಹುರಿ, ಅವುಗಳಿಗೆ ರಕ್ತವನ್ನೊಯ್ಯುವ ನಾಳಗಳು, ಇವುಗಳ ಚಿತ್ರ ತೆಗೆದು ಅದನ್ನು ಓದುವುದು ಆ ಶಾಸ್ತ್ರದ ಕೆಲಸ. ಈಚಿನ ದಶಕಗಳಲ್ಲಿ, ಚಿತ್ರವನ್ನು ನೋಡುನೋಡುತ್ತಲೆ ರಕ್ತನಾಳದೊಳಕ್ಕೆ ಕೂದಲಿನಂಥ ತಂತಿಯನ್ನು ಹಾಯಿಸಿ ಚಿಕಿತ್ಸೆ ಮಾಡುವುದೂ ಅದಕ್ಕೆ ಸೇರಿದೆ. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅದಕ್ಕೂ ಹಳೆಯದಾದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆದವಷ್ಟೆ. ಅಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ದೆಹಲಿಯ ಏಮ್ಸ್ ಇವುಗಳಲ್ಲಿಯೂ ಉಂಟು. ಐದೂವರೆ ವರ್ಷ ವೈದ್ಯ ಪದವಿಗೆ, ಮೂರು ವರ್ಷ ರೇಡಿಯಾಲಜಿಗೆ ಸವೆಸಿದವರು ಮತ್ತೆ ಮೂರು ವರ್ಷ ಇದೊಂದನ್ನೇ ಕಲಿತು ಡಿ.ಎಂ. ಪದವಿ ಪಡೆಯುತ್ತಾರೆ. ಲೋಕದಲ್ಲಿ ಮಕ್ಕಳು ಮರಿಗಳಾಗಿ ಸಂಸಾರವಂದಿಗರಾಗುವ ವಯಸ್ಸಿನಲ್ಲಿ ಇವರಿನ್ನೂ ವಿದ್ಯಾರ್ಥಿಗಳು.

ಇಂಥ ಯಾವ ವಿಭಾಗವನ್ನು ಕೇಳಿದರೂ ತನಗೆ ಮೂರು ಗುರಿಗಳೆಂದು ಹೇಳುತ್ತದೆ: ರೋಗಿಗೆ ಚಿಕಿತ್ಸೆ, ಕಿರಿಯರಿಗೆ ಬೋಧನೆ, ಗೊತ್ತಿಲ್ಲದುದರ ಸಂಶೋಧನೆ. ಈ ಮೂರು ಮಾತುಗಳನ್ನು ಓದಿದವರಿಗೆ ಹೊಸದೇನೂ ಕಾಣಿಸದು. ನಮ್ಮ ಶಾಲೆಯ ಗೋಡೆಯ ಮೇಲೆಯೂ ದೊಡ್ಡ ದೊಡ್ಡ ಮಾತುಗಳಿದ್ದವು; ಅವುಗಳ ಕೆಳಗೆ ಹುಡುಗರು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಆದರೆ ಗೋಡೆಯ ಮೇಲಿನ ಮಾತು ಒಂದು ಮನೆಯ ಸುಖದುಃಖಕ್ಕೆ ತಗುಲಿಕೊಂಡಾಗ ಅದರ ಅರ್ಥವೇ ಬೇರೆಯಾಗುತ್ತದೆ. ಈ ಮೂರು ಗುರಿಗಳು ನಮ್ಮ ಮನೆಗೆ ತಗುಲಿಕೊಂಡುದು ಎರಡು ವರ್ಷಗಳ ಕೆಳಗೆ, ನನ್ನ ತಂಗಿಯ ಮಗನ ನಿಮಿತ್ತವಾಗಿ.

ಹುಡುಗನಿಗೆ ಆಗ ಹತ್ತೊಂಬತ್ತು ತುಂಬಿತ್ತು. ಪರೀಕ್ಷೆಗೆಂದು ರಾತ್ರಿ ಓದುತ್ತ ಕುಳಿತಿದ್ದವನ ಬಲಗೈ ತಾನಾಗಿಯೆ ಅದುರತೊಡಗಿತಂತೆ. ಪೆನ್ನು ಬಿತ್ತು, ಹಿಂದೆಯೆ ಅವನೂ ಬಿದ್ದ. ಎರಡು ನಿಮಿಷದ ಮೂರ್ಛೆ. ಎಚ್ಚರಗೊಂಡವನಿಗೆ ನಡೆದುದೊಂದೂ ನೆನಪಿಲ್ಲ. ಆದರೆ ನೋಡಿದ ತಾಯಿಗೆ ಅದನ್ನು ಮರೆಯುವುದೆಂತು? ಬೆಳಗಾಗುತ್ತಲೆ ಡಾಕ್ಟರರು ಮಾತ್ರೆ ಬರೆದುಕೊಟ್ಟು, ತಲೆಯ ಸ್ಕ್ಯಾನು ಮಾಡಿಸಿಕೊಂಡು ಬನ್ನಿರೆಂದರು. ಮಾಡಿಸಿದೆವು. ಮಿದುಳಿನ ಎಡಭಾಗದಲ್ಲಿ ಉಂಗುರದಂಥ ಒಂದು ಸಣ್ಣ ಗುರುತು ಇದೆಯೆಂದೂ, ಅದು ಕ್ಷಯದ ಗಂಟೋ, ಹುಳುವಿನ ಕೋಶವೋ, ಗಡ್ಡೆಯೋ ಆಗಿರಬಹುದೆಂದೂ ವರದಿ ಬಂದಿತು. ಮೂರರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ. ನಾನು ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ; ಒಂದೇ ಪ್ರಶ್ನೆಗೆ ಮೂರು ಉತ್ತರ ಬರೆದು ಮೂರಕ್ಕೂ ಪ್ರಶ್ನಾರ್ಥಕ ಹಾಕಿದವನಿಗೆ ಅಂಕ ಕೊಟ್ಟ ನೆನಪಿಲ್ಲ. ಆದರೆ ಈ ಉತ್ತರಪತ್ರಿಕೆಯನ್ನು ತಿದ್ದುವ ಯೋಗ್ಯತೆ ನನಗಿರಲಿಲ್ಲ.

ಮೂರು ಉತ್ತರಗಳೆಂದರೆ ಮೂರು ಬೇರೆ ಬೇರೆ ಹಣೆಬರಹಗಳು. ಕ್ಷಯವಾದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ, ನಾಲ್ಕು ಬಗೆಯ ಉಗ್ರವಾದ ಔಷಧಿಗಳು. ಗಡ್ಡೆಯಾದರೆ ತಲೆಬುರುಡೆಯನ್ನು ತೆರೆಯಬೇಕು. ಹುಳುವಿನ ಕೋಶವಾದರೆ ಕೆಲವು ದಿನಗಳ ಔಷಧಿ, ಮೂರ್ಛೆ ಬಾರದಂತೆ ಮಾತ್ರೆ, ಮತ್ತೆ ತಾಳ್ಮೆ. ಹನ್ನೊಂದು ಮಿಲಿಮೀಟರಿನ ಒಂದು ಉಂಗುರ; ಅಂದರೆ ಹೆಸರುಕಾಳಿಗಿಂತ ದೊಡ್ಡದು, ಅಡಕೆಗಿಂತ ಚಿಕ್ಕದು. ಅದನ್ನು ಸರಿಯಾಗಿ ಓದುವವರು ಬೇಕಾಗಿತ್ತು. ಆದಕಾರಣ ನಾವು ಒಂದು ದೊಡ್ಡ ಬೋಧನ ಆಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಅನಾವಶ್ಯಕ.

ಅಲ್ಲಿ ಎಂ.ಆರ್.ಐ. ಯಂತ್ರದಲ್ಲಿ ಹುಡುಗನನ್ನು ಮಲಗಿಸಿದರು. ಇದರಲ್ಲಿ ಕ್ಷ-ಕಿರಣವಿಲ್ಲ. ಭೂಮಿಯ ಕಾಂತಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲವುಳ್ಳ ಒಂದೂವರೆ ಟೆಸ್ಲಾದ ಆಯಸ್ಕಾಂತದ ನಡುವೆ ದೇಹವನ್ನಿರಿಸಿ, ದೇಹದ ನೀರಿನಲ್ಲಿರುವ ಜಲಜನಕದ ಬೀಜಗಳನ್ನು ರೇಡಿಯೋ ಅಲೆಗಳಿಂದ ತಟ್ಟಿ ಎಬ್ಬಿಸುತ್ತಾರೆ. ಅವು ಮತ್ತೆ ನೆಲೆಗೆ ಬರುವಾಗ ಕೊಡುವ ಮೆಲುದನಿಯನ್ನು ಯಂತ್ರ ಕೇಳಿಸಿಕೊಂಡು ಚಿತ್ರವನ್ನು ಬರೆಯುತ್ತದೆ. ಯಂತ್ರದ ಸದ್ದು ಮಾತ್ರ ಮೆಲುದನಿಯಲ್ಲ. ಕಂಚುಗಾರರ ಬೀದಿಯಲ್ಲಿ ಅರ್ಧ ಗಂಟೆ ಮಲಗಿದ್ದಂತಾಯಿತೆಂದು ಹುಡುಗ ಹೇಳಿದ.

ಚಿತ್ರವನ್ನು ಓದುವ ಕೋಣೆ ಕತ್ತಲೆಯಾಗಿತ್ತು. ನಮ್ಮನ್ನು ಒಳಗೆ ಕರೆದರು. ನಾಲ್ಕಾರು ಪರದೆಗಳ ಬೆಳಕು, ನಡುವೆ ಪ್ರಾಧ್ಯಾಪಕಿ, ಸುತ್ತ ಐದಾರು ಮಂದಿ ಕಿರಿಯ ವೈದ್ಯರು. ನನ್ನ ತಂಗಿ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ಪ್ರಾಧ್ಯಾಪಕಿ ತಾವು ಏನನ್ನೂ ಹೇಳದೆ ಎಲ್ಲರಿಗಿಂತ ಕಿರಿಯನಾಗಿದ್ದವನನ್ನು ಕೇಳಿದರು: “ಏನು ಕಾಣಿಸುತ್ತದೆ?”

ಅವನು ಕ್ಷಯದ ಗಂಟೆಂದ.

“ನೀನು ರೋಗದ ಹೆಸರು ಹೇಳಿದೆ. ನಾನು ಕೇಳಿದ್ದು ಕಾಣಿಸುವುದೇನೆಂದು.”

ಆಗ ಅವನು ನಿಧಾನವಾಗಿ ಹೇಳತೊಡಗಿದ. ಉಂಗುರದ ಅಳತೆ ಇಷ್ಟು. ಅಂಚು ತೆಳ್ಳಗೆ, ನುಣುಪಾಗಿ ಇದೆ, ಅಂಕುಡೊಂಕಿಲ್ಲ. ಸುತ್ತ ಊತ ಸ್ವಲ್ಪವೇ. ಮಿದುಳಿನ ನಡುಗೆರೆ ಸ್ಥಳ ಬಿಟ್ಟು ಸರಿದಿಲ್ಲ. ಉಂಗುರದ ಒಳಗೆ, ನಡುವೆಯಲ್ಲ, ಒಂದು ಪಕ್ಕಕ್ಕೆ ಒಂದು ಚುಕ್ಕೆ. ಚುಕ್ಕೆಯೆಂದೊಡನೆ ಅವನ ದನಿ ತಡೆಯಿತು. ಲಾಡಿಹುಳುವಿನ ಮರಿ ತನ್ನ ಕೋಶದೊಳಗೆ ಮುದುಡಿಕೊಂಡಿರುವಾಗ ಅದರ ತಲೆಯೇ ಹಾಗೆ ಚುಕ್ಕೆಯಾಗಿ ಕಾಣಿಸುತ್ತದಂತೆ. ಹುಡುಗನ ರೋಗದ ಹೆಸರನ್ನು ಆ ಕಿರಿಯ ವೈದ್ಯ ತಾನಾಗಿಯೆ ಕಂಡುಕೊಂಡ. ಪ್ರಾಧ್ಯಾಪಕಿ ನಮ್ಮ ಕಡೆಗೆ ತಿರುಗಿ, “ಅಮ್ಮ, ಇದು ಗಡ್ಡೆಯಲ್ಲ, ಕ್ಷಯವೂ ಅಲ್ಲವೆಂದು ನನಗೆ ಬಹುಮಟ್ಟಿಗೆ ಖಚಿತವಾಗಿದೆ. ಪೂರ್ತಿ ಖಚಿತವೆಂದು ಈ ದಿನ ಹೇಳಲಾರೆ. ಮೂರು ತಿಂಗಳಾದ ಮೇಲೆ ಇನ್ನೊಂದು ಚಿತ್ರ ತೆಗೆಯೋಣ, ಅದು ಹೇಳುತ್ತದೆ” ಎಂದರು.

“ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಸಹ ತರುವುದಿಲ್ಲವಲ್ಲ ಡಾಕ್ಟರೆ! ಹಂದಿಯ ಹುಳು ನಮ್ಮ ಹುಡುಗನಿಗೆ ಹೇಗೆ ಬಂದೀತು?” ಎಂದಳು ನನ್ನ ತಂಗಿ.

ಈ ಪ್ರಶ್ನೆಯನ್ನು ಅವರು ಎಷ್ಟು ತಾಯಂದಿರಿಂದ ಕೇಳಿದ್ದರೋ. ಬೇಸರವಿಲ್ಲದೆ ವಿವರಿಸಿದರು. ಸರಿಯಾಗಿ ಬೇಯಿಸದ ಹಂದಿಯ ಮಾಂಸವನ್ನು ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿಗೆ ಬರುವುದು ಆ ದಾರಿಯಿಂದಲ್ಲ. ಹಾಗೆ ಹುಳುವನ್ನು ಹೊತ್ತಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಗೆ ಬೀಳುತ್ತವೆ. ನೀರಿನ ಮೂಲಕವೋ, ಮಣ್ಣು ಮೆತ್ತಿದ ಸೊಪ್ಪಿನ ಮೂಲಕವೋ, ತೊಳೆಯದ ಕೈಯ ಮೂಲಕವೋ ಅವು ಇನ್ನೊಬ್ಬರ ಹೊಟ್ಟೆಯನ್ನು ಸೇರಿದರೆ, ಮರಿಗಳು ರಕ್ತದಲ್ಲಿ ತೇಲಿ ಮಿದುಳಿನಲ್ಲಿ ಮನೆ ಮಾಡಬಹುದು. ಕೊತ್ತಂಬರಿ ಸೊಪ್ಪನ್ನು ತಿನ್ನುವವರಿಗೆಲ್ಲ ಈ ರೋಗ ಬರಬಹುದು. ಮಡಿಗೂ ಅದಕ್ಕೂ ಸಂಬಂಧವಿಲ್ಲ.

ಹೊರಗೆ ಬಂದ ಮೇಲೆ ತಂಗಿಗೆ ಸಮಾಧಾನವಾಗಿತ್ತೆಂದು ನಾನೆಣಿಸಿದೆ. ಆಗಿತ್ತು, ಆದರೂ ಒಂದು ಮುಳ್ಳು ಉಳಿದಿತ್ತು. “ಅಣ್ಣ, ಅವರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ ನನ್ನ ಮಗು ಅವರಿಗೆ ಒಂದು ಪಾಠದಂತೆ ಕಾಣಿಸಿತಲ್ಲ!” ಎಂದಳು.

ಈ ದೂರು ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಲಾರದ ವಿಭಾಗ ತನ್ನ ಮೂರು ಗುರಿಗಳನ್ನು ಬಂಗಾರದ ಅಕ್ಷರದಲ್ಲಿ ಬರೆಸಿದರೂ ಪ್ರಯೋಜನವಿಲ್ಲ. ಮಗನ ಪ್ರಾಣವನ್ನು ಮುಷ್ಟಿಯಲ್ಲಿ ಹಿಡಿದು ಬಂದ ತಾಯಿಗೆ ವೈದ್ಯರ ಮನಸ್ಸು ಪೂರ್ತಿಯಾಗಿ ಬೇಕು. ಅದರಲ್ಲಿ ಒಂದು ಪಾಲು ವಿದ್ಯಾರ್ಥಿಗಳಿಗೆ, ಇನ್ನೊಂದು ಪಾಲು ಸಂಶೋಧನೆಗೆ ಎಂದರೆ ಅವಳು ಹೇಗೆ ಒಪ್ಪಿಯಾಳು? ನಾನು ಅವಳಿಗೆ ಅಂದು ಉತ್ತರ ಕೊಡಲಿಲ್ಲ. ಆದರೆ ಆ ಕತ್ತಲೆ ಕೋಣೆಯ ಚುಕ್ಕೆ ನನ್ನ ಮನಸ್ಸನ್ನು ಬಿಡಲಿಲ್ಲ. ಆ ಚುಕ್ಕೆಯ ಅರ್ಥ ಅವರಿಗೆ ಎಲ್ಲಿಂದ ತಿಳಿಯಿತು? ಸಂದೇಹ ಬಂದರೆ ಪುಸ್ತಕದ ಅಂಗಡಿಗೆ ಹೋಗುವುದು ನನ್ನ ಹಳೆಯ ಚಾಳಿ. ಕೆಲವು ತಿಂಗಳು ಓದಿದೆ, ಬಲ್ಲವರನ್ನು ಕೇಳಿದೆ.

ಸಿ.ಟಿ. ಯಂತ್ರಗಳು ನಮ್ಮ ದೇಶಕ್ಕೆ ಬಂದ ಮೇಲೆ, ಮೂರ್ಛೆಯಿಂದ ಬಂದ ಎಷ್ಟೋ ಯುವಕರ ತಲೆಯಲ್ಲಿ ಇಂಥ ಚಿಕ್ಕ ಉಂಗುರಗಳು ಕಾಣಿಸತೊಡಗಿದವು. ಕ್ಷಯ ಮನೆಮನೆಯ ರೋಗವಾಗಿದ್ದ ನಾಡಿನಲ್ಲಿ ಅವುಗಳನ್ನು ಕ್ಷಯದ ಗಂಟುಗಳೆಂದು ತಿಳಿದುದು ಸಹಜ. ಅನೇಕರಿಗೆ ಕ್ಷಯದ ಔಷಧಿ ಕೊಟ್ಟರು, ಉಂಗುರಗಳು ಮಾಯವಾದವು, ಔಷಧಿ ಗೆದ್ದಿತೆಂದುಕೊಂಡರು. ಆದರೆ ಔಷಧಿಯಿಲ್ಲದೆಯೂ ಕೆಲವು ಉಂಗುರಗಳು ಮಾಯವಾಗುತ್ತಿದ್ದುದನ್ನು ಕೆಲವರ ಕಣ್ಣು ಗಮನಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರವೈದ್ಯರಾದ ಡಾ. ಚಾಂಡಿ, ಡಾ. ರಾಜಶೇಖರ್ ಮತ್ತು ಅವರ ಸಂಗಡಿಗರು ಇಂಥ ಗುರುತುಗಳಿಂದಲೇ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷೆ ಮಾಡಿಸಿದರು. ಅವುಗಳಲ್ಲಿ ಬಹಳಷ್ಟು ಲಾಡಿಹುಳುವಿನ ಮರಿಗಳಾಗಿದ್ದವು! 1989ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಅವರೇ ಗುರುತಿನ ಅಳತೆ, ಅಂಚು, ನಡುಗೆರೆ ಇವುಗಳಿಂದ ಹುಳುವನ್ನೂ ಕ್ಷಯವನ್ನೂ ಬೇರ್ಪಡಿಸುವ ಲಕ್ಷಣಗಳನ್ನು ಕಟ್ಟಿಕೊಟ್ಟರು. ಇಪ್ಪತ್ತು ಮಿಲಿಮೀಟರಿಗಿಂತ ಚಿಕ್ಕದು, ಅಂಚು ನುಣುಪು, ನಡುಗೆರೆ ಅಚಲ. ಆ ಕಿರಿಯ ವೈದ್ಯ ಪರದೆಯ ಮುಂದೆ ತಡವರಿಸುತ್ತ ಒಪ್ಪಿಸಿದ ಪಾಠ ಇದೇ ಅಲ್ಲವೆ? ನನ್ನ ತಂಗಿಯ ಮಗ ಬೇಡದ ಔಷಧಿಯನ್ನು ವರ್ಷವಿಡೀ ನುಂಗದೆ ಉಳಿದದ್ದು, ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ವೆಲ್ಲೂರಿನ ಹಾಸಿಗೆಗಳ ಮೇಲೆ ಮಲಗಿದ್ದ ರೋಗಿಗಳಿಂದ. ಅವರೂ ಯಾರಿಗೋ ಪಾಠವಾಗಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಈ ಸಾಲ ಬೆಳೆಯುತ್ತಲೇ ಹೋಗುತ್ತದೆ. 1895ರಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದಾಗ ಎಲುಬು ಕಂಡಿತೇ ಹೊರತು ಮಿದುಳು ಕಾಣಲಿಲ್ಲ. 1918ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ, ಮಿದುಳಿನೊಳಗಿನ ನೀರಿನ ಕುಳಿಗಳಿಗೆ ಗಾಳಿ ತುಂಬಿ ಚಿತ್ರ ತೆಗೆದ. ಮರುವರ್ಷ ಬೆನ್ನಿನಿಂದಲೇ ಗಾಳಿಯನ್ನು ಏರಿಸಿದ. ಗಾಳಿ ತಲೆಗೇರಿದ ರೋಗಿಗೆ ಸಹಿಸಲಾಗದ ತಲೆನೋವು, ವಾಂತಿ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ರೋಗಿಗಳು ಈ ಯಾತನೆಯನ್ನು ಅನುಭವಿಸಿದರು, ಬೇರೆ ದಾರಿಯಿರಲಿಲ್ಲ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕತ್ತಿನ ಧಮನಿಗೆ ಔಷಧವನ್ನು ಚುಚ್ಚಿ ಮಿದುಳಿನ ರಕ್ತನಾಳಗಳ ಚಿತ್ರವನ್ನು ಮೊದಲ ಬಾರಿಗೆ ಪಡೆದ. ಆ ಸಫಲತೆಗೆ ಮುನ್ನ ಅವನ ಪ್ರಯತ್ನದಲ್ಲಿ ಒಬ್ಬ ರೋಗಿ ಪ್ರಾಣವನ್ನೇ ತೆತ್ತಿದ್ದ.

ಗಾಳಿಯ ಯಾತನೆಯಿಂದ ಲೋಕವನ್ನು ಬಿಡಿಸಿದವನು ವೈದ್ಯನಲ್ಲ, ಎಂಜಿನಿಯರು. ನಮ್ಮ ಮನೆಗಳಲ್ಲಿ ನಾಯಿಯ ಚಿತ್ರವಿದ್ದ ಗ್ರಾಮಫೋನ್ ರೆಕಾರ್ಡುಗಳಿದ್ದವಲ್ಲ, ಆ ರೆಕಾರ್ಡುಗಳನ್ನು ಹೊರಡಿಸುತ್ತಿದ್ದ ಇ.ಎಂ.ಐ. ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ಡಾ. ಜೇಮ್ಸ್ ಆಂಬ್ರೋಸ್ ಅವರೊಡನೆ, ಒಬ್ಬ ಹೆಂಗಸಿನ ಮಿದುಳನ್ನು ಅವನು ತನ್ನ ಯಂತ್ರದಿಂದ ನೋಡಿದ. ಚಿತ್ರ ಎಂಬತ್ತಕ್ಕೆ ಎಂಬತ್ತು ಚೌಕಗಳ ಒರಟು ರಂಗೋಲಿಯಂತಿತ್ತು; ಆದರೂ ಗಡ್ಡೆಯಿರುವ ಜಾಗ ಅದರಲ್ಲಿ ಕಂಡಿತು. ಚಿತ್ರದಲ್ಲಿ ಕಂಡಂತೆಯೇ ಅದು ತಲೆಯೊಳಗೂ ಇದ್ದಿತೆಂದು ಶಸ್ತ್ರಚಿಕಿತ್ಸೆ ಮಾಡಿದವರು ತಿಳಿಸಿದರು. 1979ರಲ್ಲಿ ಹೌನ್ಸ್‌ಫೀಲ್ಡನಿಗೂ, ಲೆಕ್ಕದ ದಾರಿಯನ್ನು ಮೊದಲೇ ತೋರಿಸಿದ್ದ ಕಾರ್ಮ್ಯಾಕನಿಗೂ ನೊಬೆಲ್ ಬಹುಮಾನ ಬಂದಿತು. ಎಂ.ಆರ್.ಐ. ಚಿತ್ರವಿದ್ಯೆಗೆ ದಾರಿ ಮಾಡಿದ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ 2003ರಲ್ಲಿ ಅದೇ ಬಹುಮಾನ. ಬಹುಮಾನ ಪಡೆದವರ ಹೆಸರುಗಳು ನಮಗೆ ಗೊತ್ತು. ಯಂತ್ರದಲ್ಲಿ ಮಲಗಿದವರ ಹೆಸರುಗಳು ಗೊತ್ತಿಲ್ಲ.

ಹೀಗಿರುವಾಗ ಬೋಧನೆಯೆಂಬುದು ಚಿಕಿತ್ಸೆಯಿಂದ ಕದ್ದ ಹೊತ್ತೆನ್ನುವುದು ಹೇಗೆ? ಇದನ್ನು ಪಾರ್ಶ್ವವಾಯುವಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು. ಮಿದುಳಿನ ದೊಡ್ಡ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡರೆ, ನಿಮಿಷವೊಂದಕ್ಕೆ ಸುಮಾರು ಹತ್ತೊಂಬತ್ತು ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ತೊಡೆಯ ಸಂದಿನ ಧಮನಿಯಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೂ ಏರಿಸಿ, ಹೆಪ್ಪನ್ನು ಹಿಡಿದೆಳೆದು ತೆಗೆಯುವ ಚಿಕಿತ್ಸೆ ಇದೆ. ಅದು ನಿಜವಾಗಿ ಗುಣ ಕೊಡುತ್ತದೆಂದು 2015ರಲ್ಲಿ ಪ್ರಕಟವಾದ ಐದು ದೊಡ್ಡ ಪರೀಕ್ಷೆಗಳು ಸ್ಥಾಪಿಸಿದವು. ಮೊದಲ ಆರು ಗಂಟೆಗಳ ಒಳಗೆ ಬಂದವರಿಗೆ ಮಾತ್ರವೆಂದಿದ್ದುದು, 2018ರ ಎರಡು ಪರೀಕ್ಷೆಗಳ ಮೇಲೆ, ಚಿತ್ರ ನೋಡಿ ಆಯ್ದ ಕೆಲವರಿಗೆ ಇಪ್ಪತ್ತನಾಲ್ಕು ಗಂಟೆಗಳವರೆಗೂ ವಿಸ್ತರಿಸಿತು. ಯಾರನ್ನು ಆಯಬೇಕು? ಸತ್ತ ಭಾಗವೆಷ್ಟು, ಇನ್ನೂ ಉಳಿಸಬಹುದಾದ ಭಾಗವೆಷ್ಟು ಎಂಬುದನ್ನು ಚಿತ್ರದಲ್ಲಿ ಓದಿ ಹೇಳಬೇಕು. ಅದೂ ನಿಮಿಷಗಳಲ್ಲಿ.

ಪಾರ್ಶ್ವವಾಯು ಹಗಲು ಹತ್ತು ಗಂಟೆಗೆ ಪ್ರಾಧ್ಯಾಪಕರು ಕಾಫಿ ಕುಡಿದು ಕುಳಿತ ಮೇಲೆಯೇ ಬರಬೇಕೆಂಬ ನಿಯಮವಿಲ್ಲ. ರಾತ್ರಿ ಎರಡು ಗಂಟೆಗೆ ಅಂಥ ಚಿತ್ರವನ್ನು ಮೊದಲು ನೋಡುವವನು ಕಿರಿಯ ವೈದ್ಯನೇ. ಬೆಳಿಗ್ಗೆ ಹಿರಿಯರು ಬಂದು ಅವನ ಓದನ್ನು ತಿದ್ದುತ್ತಾರೆ, ನಿಜ. ಆದರೆ ಎರಡು ಗಂಟೆಯ ರೋಗಿಗೆ ಎರಡು ಗಂಟೆಯ ಕಣ್ಣೇ ಗತಿ. ಅಂದು ನಮ್ಮ ಹುಡುಗನ ಚಿತ್ರದ ಮುಂದೆ ‘ಹೆಸರು ಹೇಳಬೇಡ, ಕಾಣುವುದನ್ನು ಹೇಳು’ ಎಂದು ಗದರಿಸಿಕೊಂಡವನು, ಯಾವುದೋ ಮನೆಯ ತಂದೆಯ ಚಿತ್ರದ ಮುಂದೆ ಒಬ್ಬನೇ ಕುಳಿತು ಕಾಣುವುದನ್ನು ಸರಿಯಾಗಿ ಕಂಡಿರುತ್ತಾನೆ. ನನ್ನ ವೃತ್ತಿಯ ಅನುಭವವೂ ಇದೇ. ಹುಡುಗನಿಗೆ ಉತ್ತರವನ್ನು ಹೇಳಿಕೊಡುವುದು ಸುಲಭ, ಹೊತ್ತೂ ಉಳಿಯುತ್ತದೆ; ಆದರೆ ಮುಂದಿನ ಲೆಕ್ಕಕ್ಕೆ ಅದು ಒದಗುವುದಿಲ್ಲ.

ಈಗ ಚಿತ್ರವನ್ನು ಓದುವ ಕಂಪ್ಯೂಟರುಗಳೂ ಬಂದಿವೆ. ಮುಚ್ಚಿದ ದೊಡ್ಡ ರಕ್ತನಾಳವನ್ನು ಶಂಕಿಸಿ ವೈದ್ಯರಿಗೆ ಸುದ್ದಿ ಮುಟ್ಟಿಸುವ ಒಂದು ತಂತ್ರಾಂಶಕ್ಕೆ ಅಮೆರಿಕ ಸರ್ಕಾರ 2018ರಲ್ಲಿ ಅನುಮತಿ ಕೊಟ್ಟಿತು. ಇವು ಒಳ್ಳೆಯ ಕಾವಲುಗಾರರು. ಆದರೆ ಅವಕ್ಕೆ ಕಲಿಸುವುದೂ, ಅವು ತಪ್ಪಿದುದನ್ನು ಕಂಡುಹಿಡಿಯುವುದೂ ಮತ್ತೆ ಚಿತ್ರವನ್ನು ಬಲ್ಲ ಮನುಷ್ಯರೇ. ಬೇರೆ ದೇಶದ ಚಿತ್ರಗಳನ್ನು ನೋಡಿ ಬೆಳೆದ ಯಂತ್ರಕ್ಕೆ ನಮ್ಮ ಹುಳುವಿನ ಉಂಗುರದ ಪರಿಚಯ ಇರಬೇಕಲ್ಲ!

ಹಾಗೆಂದು ಸಂಶೋಧನೆಯ ಹೆಸರು ಹೇಳಿದೊಡನೆ ಕೈಮುಗಿಯಬೇಕಾಗಿಯೂ ಇಲ್ಲ. ಮೊನಿಜನ ಕಾಲದ ಮುಂದಿನ ಕಥೆ ಇದಕ್ಕೆ ಸಾಕ್ಷಿ. 1930ರ ದಶಕದಿಂದ ರಕ್ತನಾಳಗಳ ಚಿತ್ರಕ್ಕಾಗಿ ಥೋರೋಟ್ರಾಸ್ಟ್ ಎಂಬ ದ್ರವವನ್ನು ಅನೇಕ ದೇಶಗಳಲ್ಲಿ ಬಳಸಿದರು. ಚಿತ್ರಗಳು ಬಹಳ ಸೊಗಸಾಗಿ ಬರುತ್ತಿದ್ದವು. ರೋಗಿಗೆ ಚುಚ್ಚಿದಾಗ ನೋವೂ ಇರಲಿಲ್ಲ. ಆದರೆ ಅದರಲ್ಲಿದ್ದುದು ವಿಕಿರಣವನ್ನು ಸೂಸುವ ಥೋರಿಯಂ. ಅದು ದೇಹವನ್ನು ಬಿಟ್ಟು ಹೋಗದೆ ಯಕೃತ್ತಿನಲ್ಲಿ ನೆಲೆಸಿ, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಎಷ್ಟೋ ಮಂದಿಗೆ ಕ್ಯಾನ್ಸರನ್ನು ತಂದಿತು. ಅಂದಿನ ಚಿತ್ರಕ್ಕಾಗಿ ಮುಂದಿನ ಬದುಕನ್ನು ಒತ್ತೆಯಿಟ್ಟಂತಾಯಿತು. ಒತ್ತೆಯಿಟ್ಟವರಿಗೆ ಅದು ಗೊತ್ತೂ ಇರಲಿಲ್ಲ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗೆ ಅವರ ತಿಳಿದ ಒಪ್ಪಿಗೆ ಬೇಕು, ವಿಜ್ಞಾನದ ಲಾಭಕ್ಕಿಂತ ಆ ಮನುಷ್ಯನ ಹಿತ ಮೇಲು ಎಂಬ ನೀತಿಯನ್ನು ಜಗತ್ತಿನ ವೈದ್ಯರು 1964ರ ಹೆಲ್ಸಿಂಕಿ ಘೋಷಣೆಯಲ್ಲಿ ಬರೆದಿಟ್ಟರು. ನಮ್ಮ ದೇಶದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೀತಿಸೂತ್ರಗಳಿವೆ. 2017ರಲ್ಲಿ ಅವುಗಳನ್ನು ಹೊಸದಾಗಿ ಪರಿಷ್ಕರಿಸಿದರು.

ಹಳ್ಳಿಯ ಅಡಿಗೆಮನೆಯಲ್ಲಿ ಮೂರು ಗುಂಡುಗಳನ್ನಿಟ್ಟು ಒಲೆ ಹೂಡುವುದನ್ನು ನಮ್ಮಲ್ಲಿ ಹಿರಿಯರಾದವರು ನೋಡಿದ್ದಾರೆ. ಎರಡು ಗುಂಡುಗಳ ಮೇಲೆ ಪಾತ್ರೆ ನಿಲ್ಲದು. ಚಿಕಿತ್ಸೆಯೊಂದೇ ಇದ್ದರೆ ಇಂದಿನ ವೈದ್ಯರೊಡನೆ ವಿದ್ಯೆ ಮುಗಿಯುತ್ತದೆ. ಬೋಧನೆಯೊಂದೇ ಇದ್ದರೆ ಹಳೆಯ ತಪ್ಪು ಹೊಸಬರಿಗೆ ಶಾಸ್ತ್ರೋಕ್ತವಾಗಿ ದಾಟುತ್ತದೆ. ಉಂಗುರವೆಲ್ಲ ಕ್ಷಯವೆಂಬ ಪಾಠವೂ ಒಂದು ಕಾಲಕ್ಕೆ ಪಾಠವಾಗಿಯೇ ಇತ್ತಲ್ಲವೆ? ಸಂಶೋಧನೆಯೊಂದೇ ಇದ್ದರೆ ಥೋರೋಟ್ರಾಸ್ಟಿನ ಸೊಗಸಾದ ಚಿತ್ರಗಳು ಉಳಿಯುತ್ತವೆ, ಮನುಷ್ಯ ಉಳಿಯುವುದಿಲ್ಲ. ಆದರೆ ಒಲೆಯನ್ನು ಹೂಡುವುದು ಗುಂಡುಗಳಿಗಾಗಿ ಅಲ್ಲ, ಮೇಲಿನ ಅನ್ನಕ್ಕಾಗಿ. ಆ ಅನ್ನದ ಮೊದಲ ತುತ್ತು ಅಂದು ಅಲ್ಲಿ ಮಲಗಿರುವವನದು. ಒಂದೇ ಯಂತ್ರ, ಹೊರಗೆ ಉದ್ದನೆಯ ಸಾಲು, ಒಳಗೆ ಸಂಶೋಧನೆಯ ಆಸೆ, ಇವು ಎದುರುಬದುರಾದಾಗ ಯಾರು ಮೊದಲೆಂಬುದರಲ್ಲಿ ವಿಭಾಗದ ನಿಜವಾದ ಗುರಿ ತಿಳಿದುಬರುತ್ತದೆ.

ಮೂರು ತಿಂಗಳಿಗೆ ಹುಡುಗನ ಉಂಗುರ ಕುಗ್ಗಿತ್ತು. ವರ್ಷಕ್ಕೆ ಉಂಗುರ ಹೋಗಿ, ಸಾಸಿವೆಯಷ್ಟು ಸುಣ್ಣದ ಚುಕ್ಕೆಯೊಂದು ಉಳಿಯಿತು. ಹುಳು ಸತ್ತ ಜಾಗದಲ್ಲಿ ಹೀಗೆ ಕೆಲವರಿಗೆ ಸುಣ್ಣ ಕಟ್ಟುತ್ತದಂತೆ. ಕೆಲವರಿಗೆ ಏನೂ ಉಳಿಯದು. ತಂಗಿ ಕೇಳಿದಳು: “ಇನ್ನು ಮೂರ್ಛೆ ಬರುವುದಿಲ್ಲವಷ್ಟೆ?”

ಪ್ರಾಧ್ಯಾಪಕಿ, ಅಂದಿನಂತೆಯೇ ಕಿರಿಯರ ಎದುರಿಗೆ, “ಹೇಳಲಾರೆನಮ್ಮ. ಸುಣ್ಣದ ಚುಕ್ಕೆ ಉಳಿದವರಲ್ಲಿ ಕೆಲವರಿಗೆ ಮತ್ತೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಯಾರಿಗೆ ಎಂಬುದನ್ನು ಚಿತ್ರದಿಂದಲೇ ಮುಂಚಿತವಾಗಿ ತಿಳಿಯಬಹುದೆ ಎಂದು ನಾವು ಹುಡುಕುತ್ತಿದ್ದೇವೆ” ಎಂದರು. ಆ ಬಳಿಕ ಹುಡುಗನ ಕಡೆಗೆ ನೋಡಿ, ಒಪ್ಪಿಗೆಯಿದ್ದರೆ ವರ್ಷಕ್ಕೊಮ್ಮೆ ಬಂದು ಇನ್ನೂ ಒಂದು ಚಿತ್ರ ತೆಗೆಸಿಕೊಳ್ಳಬಹುದೆಂದೂ, ಅದರಿಂದ ಅವನ ಚಿಕಿತ್ಸೆಗೆ ಹೆಚ್ಚಿನ ಲಾಭವಿದೆಯೆಂದು ತಾವು ಮಾತು ಕೊಡಲಾರೆವೆಂದೂ, ಒಲ್ಲೆನೆಂದರೆ ಅವನ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆಂದೂ ತಿಳಿಸಿದರು. ಕಾಗದ ಕನ್ನಡದಲ್ಲಿತ್ತು, ನಾಲ್ಕು ಪುಟ. ಮನೆಗೆ ಒಯ್ದು ಓದಿ ಬನ್ನಿರೆಂದರು.

ಮನೆಯಲ್ಲಿ ಎರಡು ದಿನ ಅದೇ ಮಾತು. ತಾಯಿಗೆ ಮನಸ್ಸಿರಲಿಲ್ಲ. ಲಾಭವಿಲ್ಲವೆಂದು ಅವರೇ ಹೇಳಿದ ಮೇಲೆ ಆ ಸದ್ದಿನ ಯಂತ್ರದೊಳಗೆ ಮಗನನ್ನು ಮತ್ತೆ ಏಕೆ ಕಳುಹಿಸಬೇಕು? ನನ್ನ ಅಭಿಪ್ರಾಯವನ್ನು ಕೇಳಿದಳು. ಹುಡುಗನಿಗೆ ಇಪ್ಪತ್ತು ತುಂಬಿದೆ, ತಲೆ ಅವನದು ಎಂದೆ. ಹುಡುಗ ನಾಲ್ಕು ಪುಟಗಳನ್ನೂ ಓದಿದ. “ಮಾವ, ಆ ದಿನ ಅವರು ಚುಕ್ಕೆ ನೋಡಿ ಹುಳು ಎಂದರಲ್ಲ, ಅದು ಯಾರದೋ ತಲೆಯಿಂದ ಕಲಿತದ್ದು ತಾನೆ?” ಎಂದು ಕೇಳಿ ರುಜು ಮಾಡಿದ. ಅವನಿಗೆ ವೆಲ್ಲೂರಿನ ವಿಷಯವನ್ನು ನಾನು ಹೇಳಿರಲಿಲ್ಲ.

ತಂಗಿ ಅದಕ್ಕೆ ಏನೂ ಅನ್ನಲಿಲ್ಲ. ಈ ವರ್ಷದ ಚಿತ್ರದ ದಿನ ಅವಳೇ ಬುತ್ತಿ ಕಟ್ಟಿಕೊಂಡು ಅವನೊಡನೆ ಹೋಗಿಬಂದಳು. ಒಳಗೆ ಹೊಸಬನೊಬ್ಬ ಕಿರಿಯ ವೈದ್ಯ ಇದ್ದನಂತೆ. ಬಹಳ ಚಿಕ್ಕವನು, ಊಟ ಮಾಡಿದ್ದನೋ ಇಲ್ಲವೋ ಎಂದಳು. ಮೂರ್ಛೆ ಮತ್ತೆ ಬಂದಿಲ್ಲ, ಮಾತ್ರೆ ನಡೆದಿದೆ. ಮನೆಯಲ್ಲಿ ಕೊತ್ತಂಬರಿ ಸೊಪ್ಪನ್ನು ಈಗ ಮೂರು ನೀರಿನಲ್ಲಿ ತೊಳೆಯುತ್ತಾಳೆ. ನಾಲ್ಕನೆಯದು ಬೇಡವೆಂದು ನಾನೇ ತಡೆದಿದ್ದೇನೆ.